ಕೋಲೆಬಸವನ ಮುಂಗಾಲು

"ಮಾರಿಬಿಡೋ ಮಾರಾಯ ಅದನ್ನ" ಅಂತ ಹೇಳಿ ಹೇಳಿ ಇಲ್ಲಿನ ಗೆಳೆಯರಿಗೆಲ್ಲ ಸುಸ್ತಾಗಿದೆ. ಅವರು ಹೇಳೋದು ನನ್ನ ಕವಾಸಾಕಿ ಕಾಂಕರ್ಸ್ ಬಗ್ಗೆ. 2001ರ ಮಾಡೆಲ್ಲು. 1986ರಿಂದ 2006ರವರೆಗೆ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಬಂದ ಗಾಡಿ ಇದು, ಯುರೋಪಿನಲ್ಲಿ ಜಿಟಿಆರ್ 1000 ಅಂತ ಹೆಸರು. 997 ಸಿಸಿ, ನಾಲ್ಕು ಸಿಲಿಂಡರ್, ಚೈನಿನ ರಗಳೆ ಇಲ್ಲದ ಶಾಫ್ಟ್ ಡ್ರೈವ್, 28 ಲೀಟರಿಗೂ ಮಿಕ್ಕಿ ಪೆಟ್ರೋಲ್ ಹಿಡಿಯುವ ಟ್ಯಾಂಕು. ತೂಕ ಸುಮಾರು 300 ಕೆಜಿ. ಮೈಸೂರಲ್ಲಿ ಅಪ್ಪನ ಯೆಜ್ಡಿ ಹತ್ತಿ ಕಲಿತವನಿಗೆ ಮೊದಲ ಸಲ ಇದನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿದಾಗ ಸೊಂಟ ಹಿಡಿದುಕೊಂಡಿತ್ತು :-)

ಇಂಜಿನ್ನು ಇವತ್ತಿಗೂ ಗುಂಡುಕಲ್ಲು. ಮುಪ್ಪು ಬಂದದ್ದು ಮುಂದಿನ ಫೋರ್ಕಿಗೆ. ಬ್ರೇಕ್ ಮುಟ್ಟಿದರೆ ಸಾಕು, ಕೋಲೆಬಸವ ರಾಯರಿಗೆ ಸಲಾಂ ಹೊಡೆದ ಹಾಗೆ ಮುಂಗಾಲು ಮಡಚಿ ಮೂತಿ ಕೆಳಗಿಡುತ್ತಿತ್ತು. ಗಾಡಿಯನ್ನು ಬೈಯುವ ಹಾಗಿಲ್ಲ. ಆ ಕಾಲದ ಎಷ್ಟೋ ಬೈಕುಗಳ ಫೋರ್ಕು ಇದೇ ಜಾತಿಯದು. ಅದರ ಮೇಲೆ ನಾವಿಬ್ಬರು, ಎರಡು ಪೆಟ್ಟಿಗೆ ಸಾಮಾನು, ಇಷ್ಟು ವರ್ಷದ ಸವೆತ.

ಒಬ್ಬನೇ ಓಡಿಸುವಾಗ ಹೇಗೋ ನಡೆಯುತ್ತಿತ್ತು. ಹೋದ ವರ್ಷ ಅಕ್ಟೋಬರಿನಲ್ಲಿ, ಎಲೆ ಕೆಂಪಾಗುವ ಕಾಲ, ನಮ್ಮ ಉತ್ತರ ಕ್ಯಾರೊಲೈನಾದ ಬ್ಲೂ ರಿಡ್ಜ್ ಪಾರ್ಕ್‌ವೇಗೆ ಹೋಗಿದ್ದೆವು. 469 ಮೈಲಿ ಬೆಟ್ಟದ ನೆತ್ತಿಯ ಮೇಲೇ ಸಾಗುವ ದಾರಿ, ವೇಗದ ಮಿತಿ 45 ಮೈಲಿ. ಸಂಜೆ ಒಂದು ತಿರುವು ದಾಟುತ್ತಲೇ ಜಿಂಕೆ. ಬ್ರೇಕ್ ಒತ್ತಿದೆ. ಮೂತಿ ಪೂರ್ತಿ ಇಳಿದು 'ಟಕ್' ಅಂದಿತು, ಆಮೇಲೆ ರಸ್ತೆಯ ಸಣ್ಣ ಉಬ್ಬಿನ ಮೇಲೆ ಮುಂದಿನ ಟೈರು ಕುಪ್ಪಳಿಸಿತು. ಹಿಂದೆ ಕೂತಿದ್ದ ಹೆಂಡತಿಯ ಹೆಲ್ಮೆಟ್ಟು ನನ್ನ ಬೆನ್ನಿಗೆ ಬಡಿಯಿತು. ಜಿಂಕೆ ಹೋಯಿತು, ನಾವು ನಿಂತೆವು, ಯಾರಿಗೂ ಏನೂ ಆಗಲಿಲ್ಲ. ಅವಳೂ ಏನೂ ಅನ್ನಲಿಲ್ಲ. ಆದರೆ ಮುಂದಿನ ಶನಿವಾರ ಹೊರಟಾಗ "ನೀವು ಹೋಗಿ ಬನ್ನಿ, ನಂಗೆ ಕೆಲಸ ಇದೆ" ಅಂದಳು. ಅದರ ಮುಂದಿನ ಶನಿವಾರವೂ ಕೆಲಸ ಇತ್ತು.

ಆ 'ಟಕ್' ಇದೆಯಲ್ಲ, ಅದೇ ಅಪಾಯ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದೆ ಬರುತ್ತೆ. ಫೋರ್ಕು ಪೂರ್ತಿ ಕುಸಿದು ಕೂತ ಮೇಲೆ ಮುಂದಿನ ಉಬ್ಬನ್ನು ನುಂಗೋಕೆ ಜಾಗವೇ ಉಳಿಯಲ್ಲ, ಟೈರು ನೆಲ ಬಿಡುತ್ತೆ. ಗಾಳಿಯಲ್ಲಿರುವ ಟೈರಿಗೆ ಎಂಥ ಬ್ರೇಕಿದ್ದರೇನು? ಸಸ್ಪೆನ್ಷನ್ ಅಂದ್ರೆ ಬರೀ ಕೂತವರ ಸುಖಕ್ಕೆ ಅಂದುಕೊಂಡವರೇ ಜಾಸ್ತಿ.

ಹಳೇ ಫೋರ್ಕಿನ ಒಳಗಿನ ಕಥೆ ಹೋಳಿ ಹಬ್ಬದ ಪಿಚಕಾರಿ ಹಿಡಿದವರಿಗೆ ಗೊತ್ತು. ಮೆಲ್ಲಗೆ ಒತ್ತಿದರೆ ನೀರು ಸಲೀಸಾಗಿ ಹೋಗುತ್ತೆ, ಜೋರಾಗಿ ಒತ್ತಿದರೆ ಕೈಗೇ ಎದುರು ನಿಲ್ಲುತ್ತೆ. ಡ್ಯಾಂಪರ್ ರಾಡ್ ಅನ್ನುವ ಕೊಳವೆಯ ತೂತುಗಳಲ್ಲಿ ಎಣ್ಣೆ ನುಗ್ಗುವುದೂ ಹೀಗೇ. ವೇಗ ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟು. ಹಾಗಾಗಿ ಬ್ರೇಕ್ ಹಾಕಿದಾಗ, ಅಂದರೆ ಫೋರ್ಕು ನಿಧಾನವಾಗಿ ಇಳಿಯುವಾಗ, ತಡೆಯೋರೇ ಇಲ್ಲ. ಗುಂಡಿಯ ಅಂಚಿಗೆ ದಡಕ್ಕನೆ ಬಡಿದಾಗ ಮಾತ್ರ ಕಬ್ಬಿಣದ ಸಲಾಕೆ. ನಮಗೆ ಬೇಕಾದ್ದು ಇದಕ್ಕೆ ತಿರುವುಮುರುವು! ದಪ್ಪ ಎಣ್ಣೆ ಹಾಕಿದರೆ ಒಂದು ಕಡೆ ಸರಿಹೋಗಿ ಇನ್ನೊಂದು ಕಡೆ ಕೆಡುತ್ತೆ.

ರೇಸ್ ಟೆಕ್‌ನವರ ಎಮ್ಯುಲೇಟರ್ ಅಂತ ಒಂದು ಪುಟ್ಟ ಕವಾಟ ಸಿಗುತ್ತೆ. ರಾಡಿನ ತಲೆಯ ಮೇಲೆ ಕೂರುತ್ತೆ, ಅದನ್ನು ಒತ್ತಿ ಹಿಡಿಯುವುದು ಫೋರ್ಕಿನ ಸ್ಪ್ರಿಂಗೇ. ಹಳೇ ತೂತುಗಳನ್ನು 8 ಮಿಮೀಗೆ ಕೊರೆದು ದೊಡ್ಡದು ಮಾಡಿಬಿಟ್ಟರೆ ಅವುಗಳ ದರ್ಬಾರು ಮುಗಿಯಿತು, ಇಳಿಯುವಾಗಿನ ತಡೆಯೆಲ್ಲ ಈ ಕವಾಟದ್ದು. ಮೆಲ್ಲಗೆ ಬಂದ ಎಣ್ಣೆಯನ್ನು ತಡೆಯುತ್ತೆ, ರಭಸದಿಂದ ಬಂದರೆ ಬಾಗಿಲು ತೆಗೆಯುತ್ತೆ. ಜೊತೆಗೆ ನಮ್ಮ ತೂಕಕ್ಕೆ ಲೆಕ್ಕ ಹಾಕಿ 1.0 ಕೆಜಿ/ಮಿಮೀ ಸ್ಪ್ರಿಂಗು, 15 ವೆಯ್ಟ್ ಎಣ್ಣೆ. ಎಲ್ಲ ಸೇರಿ 400 ಡಾಲರಿನ ಒಳಗೇ ಆಯಿತು.

ಬಿಚ್ಚುವ ಮೊದಲು ಅಳತೆ. ಮೂತಿ ಎತ್ತಿ ಫೋರ್ಕು ಪೂರ್ತಿ ಚಾಚಿದಾಗ ಒಂದು, ಗಂಡ ಹೆಂಡತಿ ಇಬ್ಬರೂ ಕೂತಾಗ ಒಂದು. ಗರಾಜಿನಲ್ಲಿ ನಿಂತ ಗಾಡಿ ಹತ್ತೋಕೆ ಅವಳದೇನೂ ತಕರಾರಿರಲಿಲ್ಲ. ಟೇಪು ಹಿಡಿದದ್ದು ಮಗಳು. ಇರುವುದೇ ಸುಮಾರು 140 ಮಿಮೀ ಓಟ, ಅದರಲ್ಲಿ 65 ನಿಂತಲ್ಲೇ ಖರ್ಚು! "ಸಂಬಳ ಬಂದ ದಿನಾನೇ ಅರ್ಧ ಖಾಲಿ ಆದಂಗಾಯ್ತಲ್ರೀ" ಅಂದಳು ಹಿಂದಿನಿಂದ. ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಮೂರರಲ್ಲಿ ಒಂದು ಪಾಲು ಇಳಿದರೆ ಸರಿ, ಅದಕ್ಕಿಂತ ಹೆಚ್ಚು ಕೂಡದು.

(ಹಳೇ ಸ್ಪ್ರಿಂಗಿಗೇ ಉದ್ದದ ಸ್ಪೇಸರ್ ಇಟ್ಟು ಬಿಗಿ ಮಾಡಿದರೆ ಸಾಲದೇ ಅಂತ ಕೇಳುತ್ತಾರೆ. ಮೂತಿ ಎತ್ತರಕ್ಕೆ ಬರುತ್ತೆ ನಿಜ. ಆದರೆ ಸ್ಪ್ರಿಂಗು ಅದೇ ಮೆದು ಸ್ಪ್ರಿಂಗು.)

ಕೆಲಸಕ್ಕೆ ಎರಡು ಭಾನುವಾರ ಹಿಡಿಯಿತು. ಚಕ್ರ ತೆಗೆದದ್ದು, ಹಗ್ಗ ಕಟ್ಟಿ ಕ್ಯಾಲಿಪರ್ ನೇತುಹಾಕಿದ್ದು ಇವೆಲ್ಲ ಬಿಡಿ. ಮೇಲಿನ ಮುಚ್ಚಳದ ಬಗ್ಗೆ ಮಾತ್ರ ಒಂದು ಮಾತು: ಕೆಳಗೆ ಸ್ಪ್ರಿಂಗು ಒತ್ತಿಕೊಂಡು ಕಾಯುತ್ತಿರುತ್ತೆ, ಒತ್ತಿ ಹಿಡಿಯದೆ ಬಿಚ್ಚಿದರೆ ಹಾರಿ ಮುಖಕ್ಕೇ ಬರುತ್ತೆ. ಹಳೇ ಎಣ್ಣೆ ಬೂದಿ ಕದಡಿದ ನೀರಿನಂತಿತ್ತು. ಆ ವಾಸನೆಗೆ ಮೂರು ದಿನ ಗರಾಜಿನ ಬಾಗಿಲು ತೆಗೆದೇ ಇಟ್ಟಿದ್ದೆವು. ಹೊಸ ಎಣ್ಣೆಯ ಮಟ್ಟವನ್ನು ಸ್ಪ್ರಿಂಗ್ ಹಾಕುವ ಮೊದಲು, ಫೋರ್ಕನ್ನು ಪೂರ್ತಿ ಒಳಗೆ ತಳ್ಳಿ ಅಳೆಯಬೇಕು. ಎಣ್ಣೆಯ ಮೇಲೆ ಉಳಿದ ಗಾಳಿಯೂ ಒಂದು ಸ್ಪ್ರಿಂಗೇ, ಎರಡೂ ಕಾಲಿಗೆ ಅದು ಸಮನಾಗಿರಬೇಕು. ಸ್ಪೇಸರಿಗೆ ನಲ್ಲಿ ಕೆಲಸದ ಪಿವಿಸಿ ಪೈಪನ್ನೇ ಗರಗಸದಲ್ಲಿ ಕೊಯ್ದೆ. ನಗಬೇಡಿ, ಎಲ್ಲರೂ ಹಾಗೇ ಮಾಡೋದು.

ಮತ್ತೆ ಅಳೆದಾಗ 42 ಮಿಮೀ.

ರಜೆಯ ದಿನ ಖಾಲಿ ಇದ್ದ ಒಂದು ಪಾರ್ಕಿಂಗ್ ಜಾಗದಲ್ಲಿ 40 ಮೈಲಿ ವೇಗದಿಂದ ಹತ್ತು ಸಲ ಬ್ರೇಕ್ ಹಾಕಿ ನೋಡಿದೆ. ಫೋರ್ಕಿನ ಕೊಳವೆಗೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿದ್ದೆ, ಎಷ್ಟು ಇಳಿಯಿತು ಅಂತ ಗುರುತಿಗೆ. ತಳ ಮುಟ್ಟುವುದಕ್ಕೆ ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ಮೂತಿ ಇಳಿಯುತ್ತೆ, ಆದರೆ ಯೋಚನೆ ಮಾಡಿ ಇಳಿಯುತ್ತೆ.

ಟೈ ಎಲ್ಲಿ ನಿಂತಿದೆ ಅಂತ ಅವಳಿಗೆ ತೋರಿಸಿದೆ. ಬಗ್ಗಿ ನೋಡಿದಳು, ಏನೂ ಹೇಳಲಿಲ್ಲ. ಏಪ್ರಿಲಿನ ಒಂದು ಶನಿವಾರ ಹೆಲ್ಮೆಟ್ ಹಿಡಿದು ತಾನೇ ಗರಾಜಿಗೆ ಬಂದಳು. ಲಿನ್ ಕೋವ್ ಸೇತುವೆ ದಾಟಿ ಬ್ಲೋಯಿಂಗ್ ರಾಕ್‌ನಲ್ಲಿ ಕಾಫಿಗೆ ನಿಂತಾಗ ಕೇಳಿದಳು: "ಗಟ್ಟಿ ಸ್ಪ್ರಿಂಗ್ ಹಾಕಿದೀನಿ ಅಂದ್ರಿ, ಇದು ಮೊದಲಿಗಿಂತ ಮೆತ್ತಗಿದೆಯಲ್ರೀ?"

ಮೆತ್ತಗಿರಲೇಬೇಕು. ಮೊದಲು ಅರ್ಧ ಕುಸಿದು ಕೂತಿದ್ದ ಫೋರ್ಕಿಗೆ ಇನ್ನು ಇಳಿಯೋಕೆ ಜಾಗ ಎಲ್ಲಿತ್ತು? ಈಗ ಇದೆ. ಇದನ್ನೇ ಪೇಪರ್ ನ್ಯಾಪ್ಕಿನ್ ಮೇಲೆ ಚಿತ್ರ ಬರೆದು ವಿವರಿಸುವಷ್ಟರಲ್ಲಿ ಕಾಫಿ ಆರಿಹೋಯಿತು.

"ಸರಿ, ಮುಂದಿನದಾಯ್ತು. ನಾನು ಕೂರೋದು ಹಿಂದಲ್ವಾ?" ಅಂದಳು. ಹಿಂದಿನ ಶಾಕು ಇನ್ನೂ ಹಳೇದೇ. ಅದಕ್ಕೆ ಎಷ್ಟಾಗುತ್ತೆ ಅಂತ ಈಗ ವಿಚಾರಿಸುತ್ತಿದ್ದೇನೆ.