ಬಸ್ ನಿಲ್ದಾಣದ ಪಕ್ಕದ ಸೆರೆಮನೆ

ಕೊಯಮತ್ತೂರಿನ ಗಾಂಧಿಪುರಂ ಎಂದೊಡನೆ ನಮಗೆ ನೆನಪಾಗುವುದು ಬಸ್ ನಿಲ್ದಾಣ, ಬಟ್ಟೆ ಅಂಗಡಿಗಳು. ಚಾಮರಾಜನಗರದ ಕಡೆಯಿಂದ ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಬರುವ ನಮ್ಮವರಿಗೂ ಇದು ಪರಿಚಿತ ಜಾಗ. ಅಲ್ಲೇ ಪಕ್ಕದಲ್ಲಿದೆ 1872ರ ಕೇಂದ್ರ ಕಾರಾಗೃಹ. ಸ್ವಾತಂತ್ರ್ಯ ಹೋರಾಟಗಾರ ವ.ಉ. ಚಿದಂಬರಂ ಪಿಳ್ಳೆಯವರಿಂದ ಎತ್ತಿನ ಬದಲು ಗಾಣ ಎಳೆಸಿದ್ದು ಇಲ್ಲಿಯೇ. ಆ ಗಾಣ ಸ್ಮಾರಕವಾಗಿ ಉಳಿದಿದೆ.

ಸೆರೆಯಲ್ಲಿದ್ದವರನ್ನು ಸಂದರ್ಶಿಸುವುದು ಪ್ರಭು ಯೇಸು ತಮಗೇ ಮಾಡಿದ ಸೇವೆಯೆಂದು ಎಣಿಸಿದ ಕೆಲಸ. 1981ರಲ್ಲಿ ಕೇರಳದ ಗುರುವಿದ್ಯಾರ್ಥಿಗಳ ಪ್ರಾರ್ಥನಾಕೂಟದಿಂದ ಮೊಳೆತ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಇಂದು ದೇಶದಾದ್ಯಂತ ಈ ಸೇವೆ ಮಾಡುತ್ತಿದೆ. ಅದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಆಫ್ರಿಕಾದ ಎಷ್ಟೋ ಸೆರೆಮನೆಗಳಲ್ಲಿ ಮನೆಯವರು ಬುತ್ತಿ ತಾರದಿದ್ದರೆ ಹೊಟ್ಟೆ ತುಂಬುವುದಿಲ್ಲ. ಅಲ್ಲಿ ಗುರುಗಳೂ ಸಿಸ್ಟರ್‌ಗಳೂ ಜಪಮಾಲೆಯ ಜೊತೆಗೆ ಊಟ, ಸೋಪು ಒಯ್ಯುತ್ತಾರೆ.

ನಮ್ಮಲ್ಲಿ ಊಟವೇನೋ ಸರ್ಕಾರದ್ದು. ಕೊರತೆ ಇರುವುದು ಗೇಟಿನ ಹೊರಗೆ, ಸಂದರ್ಶನಕ್ಕೆ ಕಾಯುವ ತಾಯಿ, ಹೆಂಡತಿ, ಮಕ್ಕಳಿಗೆ. ಸೆರೆಯವನಿಗಾಗಿ ಪ್ರಾರ್ಥಿಸಿಯೂ ಅವನ ಮನೆಯವರು ಚರ್ಚಿಗೆ ಬಂದರೆ ಬೆಂಚಿನಲ್ಲಿ ಸರಿದು ಕೂರುವವರಿದ್ದಾರೆ!

ಸೆರೆಮನೆಯ ಜಾಗದ ಒಂದು ಭಾಗದಲ್ಲಿ 2025ರಲ್ಲಿ ಸೆಮ್ಮೊಳಿ ಉದ್ಯಾನ ತೆರೆಯಿತು. ಸೆರೆಮನೆಯನ್ನು ಊರಾಚೆಯ ಬಿಳಿಚಿಗೆ ಸಾಗಿಸುವುದು ಸರ್ಕಾರದ ಯೋಜನೆ. ಆಮೇಲೆ, ನಿಲ್ದಾಣದಲ್ಲಿಳಿದು ನಡೆದೇ ಬರುತ್ತಿದ್ದ ತಾಯಿ ಇನ್ನೊಂದು ಬಸ್ಸು ಹಿಡಿಯಬೇಕು.