ಹಳೆಯ ಸೊನ್ನೆ

ನಮ್ಮ ಶಾಲೆಗಳಲ್ಲಿ ಸೊನ್ನೆ ಬಂದರೆ ನಪಾಸು. ಲಿನಕ್ಸ್ ಕರ್ನಲ್‌ನಲ್ಲಿ ಸೊನ್ನೆ ಬಂದರೆ ಸಾಮಾನ್ಯವಾಗಿ ಪಾಸು. ಅಲ್ಲಿ ಒಂದು ಫಂಕ್ಷನ್‌ಗೆ ಏನಾದರೂ ಕೆಲಸ ಹೇಳಿದರೆ ಅದು ಮಾಡಿ ಮುಗಿಸಿ ಸೊನ್ನೆ ಹಿಂತಿರುಗಿಸುತ್ತದೆ. ಆಗದಿದ್ದರೆ ಯಾಕೆ ಆಗಲಿಲ್ಲ ಎಂಬುದನ್ನು ಒಂದು ಋಣ ಸಂಖ್ಯೆಯಲ್ಲಿ ತಿಳಿಸುತ್ತದೆ. ಕೇಳಿದಷ್ಟು ಮೆಮೊರಿ ಸಿಗಲಿಲ್ಲವೆಂದರೆ ಮೈನಸ್ 12. ಕೆಲಸ ಆಯಿತು ಎನ್ನಲು ಒಂದು ಅಂಕಿ ಸಾಕು, ಆಗಲಿಲ್ಲ ಎನ್ನಲು ಹಲವು ಬೇಕು.

ನನ್ನ ಹೊಟ್ಟೆಪಾಡು ಈ ಅಂಕಿಗಳ ನಡುವೆಯೇ ನಡೆಯುತ್ತದೆ. ನೆಟ್‌ವರ್ಕ್ ಡ್ರೈವರ್‌ಗಳ ಕೋಡ್ ಬರೆಯುತ್ತೇನೆ. ಅದಕ್ಕಿಂತ ಹೆಚ್ಚು ಹೊತ್ತು ಬೇರೆಯವರು ಬರೆದದ್ದನ್ನು ಓದುತ್ತೇನೆ. ಡ್ರೈವರ್ ಎಂದರೆ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿಗೂ ಕರ್ನಲ್‌ಗೂ ನಡುವೆ ಕೂತ ದುಭಾಷಿ. ನೀವು ಈ ಬರಹ ಓದುತ್ತಿರುವ ಹೊತ್ತಿಗೂ ಅಂಥದೊಂದು ದುಭಾಷಿ ನಿಮ್ಮ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಸದ್ದಿಲ್ಲದೆ ದುಡಿಯುತ್ತಿದೆ. ಅದರ ಒಂದು ಸಾಲನ್ನು ಬದಲಿಸಿದರೂ ಇನ್ನೊಬ್ಬರು ಓದಿ ಒಪ್ಪಬೇಕು. ಇದನ್ನೇ ನಾವು ರಿವ್ಯೂ ಎನ್ನುವುದು. ಪುಸ್ತಕದ ವಿಮರ್ಶೆ ಪುಸ್ತಕ ಬಂದ ಮೇಲೆ ಬರುತ್ತದೆ, ಇದು ಮೊದಲೇ ಆಗಬೇಕು. ಹಾಗಾಗಿ ಕರಡು ತಿದ್ದುವವರ ಕೆಲಸಕ್ಕೆ ಇದು ಹೆಚ್ಚು ಹತ್ತಿರ.

ಕೆಲವು ತಿಂಗಳ ಹಿಂದೆ ನನ್ನೆದುರು ಬಂದ ಬದಲಾವಣೆ ನಾಲ್ಕೇ ಸಾಲಿನದು. ಬರೆದವಳು ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗದ ಸಹೋದ್ಯೋಗಿ. ನೆಟ್‌ವರ್ಕ್ ಕಾರ್ಡು ಕಂಪ್ಯೂಟರಿನ ಮೆಮೊರಿಯನ್ನು ತಾನೇ ನೇರವಾಗಿ ಮುಟ್ಟಬಲ್ಲದು. ಎಷ್ಟು ದೊಡ್ಡ ವಿಳಾಸದವರೆಗೆ ಅದರ ಕೈ ಚಾಚುತ್ತದೆ ಎಂಬುದನ್ನು ಡ್ರೈವರ್ ಮೊದಲೇ ಕರ್ನಲ್‌ಗೆ ಹೇಳಿಬಿಡುವುದು ಒಳ್ಳೆಯದು. ನಮ್ಮ ಹಳೆಯ ಡ್ರೈವರ್ ಹೇಳುತ್ತಿರಲಿಲ್ಲ, ಅವಳು ಹೇಳಿಸಿದ್ದಳು. ಉತ್ತರವನ್ನು ‘ಎರ್’ ಎಂಬ ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಅದು ಸೊನ್ನೆಯಲ್ಲದಿದ್ದರೆ ಫಂಕ್ಷನ್‌ನ ಕೊನೆಗೆ ನೆಗೆದು, ಅಲ್ಲಿಯವರೆಗೆ ಹರಡಿದ್ದನ್ನೆಲ್ಲ ಬಳಿದು ಹೊರಡು ಎಂದಿದ್ದಳು. ನಾಲ್ಕು ಸಾಲಿನಲ್ಲಿ ಒಂದು ತಪ್ಪೂ ಇರಲಿಲ್ಲ.

ಬದಲಾವಣೆಯನ್ನು ತೋರಿಸುವ ಉಪಕರಣ ಸಾಮಾನ್ಯವಾಗಿ ಹೊಸ ಸಾಲುಗಳ ಮೇಲೆ ಮೂರು, ಕೆಳಗೆ ಮೂರು ಹಳೆಯ ಸಾಲುಗಳನ್ನು ಮಾತ್ರ ತೋರಿಸುತ್ತದೆ. ಆ ಆರು ಸಾಲುಗಳಲ್ಲೂ ಅನುಮಾನ ಪಡುವಂಥದ್ದೇನೂ ಇರಲಿಲ್ಲ. ಇಡೀ ಫಂಕ್ಷನ್ ತೆರೆದು ಮೇಲಿನಿಂದ ಓದಿದಾಗ ಕಥೆ ಬೇರೆಯಾಯಿತು. ಬಹಳ ಹಿಂದೆ ಅದನ್ನು ಬರೆದವರು ಯಾರೋ, ಆರಂಭದಲ್ಲೇ ‘ಎರ್’ಗೆ ಮೈನಸ್ 12 ತುಂಬಿಟ್ಟಿದ್ದರು. ಆಮೇಲೆ ಮೂರು ಕಡೆ ಮೆಮೊರಿ ಕೇಳಿದ್ದರು. ಮೂರರಲ್ಲಿ ಎಲ್ಲಿ ಸಿಗದಿದ್ದರೂ ಕೊನೆಗೆ ನೆಗೆ, ‘ಎರ್’ನಲ್ಲಿ ಇರುವುದನ್ನು ಹಿಂತಿರುಗಿಸು ಎಂಬುದು ಅವರ ಲೆಕ್ಕ. ಒಮ್ಮೆ ತುಂಬಿಟ್ಟರೆ ಮೂರು ಸಲಕ್ಕೆ ಆಯಿತು.

ಹೊಸ ನಾಲ್ಕು ಸಾಲುಗಳು ಮೊದಲನೆಯ ಕೇಳಿಕೆಗೂ ಎರಡನೆಯದಕ್ಕೂ ನಡುವೆ ಬಂದು ಕೂತಿದ್ದವು. ಅವಳ ಕೆಲಸ ಸರಿಯಾಗಿ ನಡೆದರೆ ‘ಎರ್’ನಲ್ಲಿ ಸೊನ್ನೆ ಬೀಳುತ್ತದೆ, ಮೈನಸ್ 12 ಅಳಿಸಿಹೋಗುತ್ತದೆ. ಮುಂದೆ ಎರಡನೆಯ ಕಡೆ ಮೆಮೊರಿ ಸಿಗಲಿಲ್ಲ ಎಂದುಕೊಳ್ಳಿ. ಡ್ರೈವರ್ ಕೊನೆಗೆ ನೆಗೆಯುತ್ತದೆ, ಎಲ್ಲವನ್ನೂ ಬಳಿದು ಬಿಸಾಡುತ್ತದೆ, ಹೋಗುವಾಗ ಕರ್ನಲ್‌ಗೆ ಹೇಳುವುದು ಮಾತ್ರ ಸೊನ್ನೆ. ಎಲ್ಲ ಸರಿಯಿದೆ ಎಂದು.

ಕರ್ನಲ್ ನಂಬುತ್ತದೆ. ಈ ಕಾರ್ಡಿಗೆ ಈ ಡ್ರೈವರ್ ಎಂದು ಗಂಟು ಹಾಕಿಬಿಡುತ್ತದೆ. ಸೋಲಿನ ಸುದ್ದಿ ಲಾಗ್‌ನಲ್ಲಿ ಬರಬೇಕಾದ ಕಡೆ ಮೌನ. ಮುಂದೆಂದೋ ಡ್ರೈವರನ್ನು ತೆಗೆಯುವಾಗ ಕರ್ನಲ್ ಅದರ ವಿದಾಯದ ಫಂಕ್ಷನ್ನನ್ನು ಕರೆಯುತ್ತದೆ. ಆ ಫಂಕ್ಷನ್ ಎಂದೋ ಬಿಟ್ಟುಕೊಟ್ಟ ಮೆಮೊರಿಗೆ ಕೈ ಹಾಕುತ್ತದೆ, ಯಂತ್ರ ಕುಸಿಯಬಹುದು. ಆಗ ತನಿಖೆಗೆ ಕೂತವರು ವಿದಾಯದ ಫಂಕ್ಷನ್ನನ್ನೇ ರಾತ್ರಿಯಿಡೀ ಜಾಲಾಡುತ್ತಾರೆ. ಅಲ್ಲಿ ತಪ್ಪೇ ಇರುವುದಿಲ್ಲ.

ಪರೀಕ್ಷೆಗಳೆಲ್ಲ ಪಾಸಾಗಿದ್ದವು. ಲ್ಯಾಬಿನ ಯಂತ್ರದಲ್ಲಿ ಸರಿಯಾಗಿ ಆ ಗಳಿಗೆಗೇ ಮೆಮೊರಿ ಮುಗಿಯುವುದು ತೀರ ಅಪರೂಪ. ಬೇಕೆಂದೇ ಮೆಮೊರಿ ಕೊಡದೆ ಸತಾಯಿಸುವ ಸೌಲಭ್ಯ ಕರ್ನಲ್‌ನಲ್ಲಿದೆ, ಆದರೆ ಅದನ್ನು ಯಾರಾದರೂ ಚಾಲೂ ಮಾಡಬೇಕು. ಸ್ಮ್ಯಾಚ್ ಎಂಬ ತಪಾಸಣೆಯ ಉಪಕರಣ ಸೋಲಿನ ದಾರಿಯಲ್ಲಿ ಎರರ್ ಕೋಡ್ ಬಿಟ್ಟುಹೋದಂತಿದೆ ಎಂದು ಎಚ್ಚರಿಸಬಲ್ಲದು. ಇಂಥ ತಪ್ಪು ಎಷ್ಟು ಮಾಮೂಲಿ ಎಂಬುದಕ್ಕೆ ಅಂಥ ಎಚ್ಚರಿಕೆ ಇರುವುದೇ ಸಾಕ್ಷಿ. ಕಂಪೈಲರ್ ಮಾತ್ರ ಬಾಯಿ ಬಿಡಲಿಲ್ಲ. ವೇರಿಯಬಲ್ ಖಾಲಿಯಿದ್ದರೆ ಅದು ಗೊಣಗಬಹುದಿತ್ತು. ಇಲ್ಲಿ ಖಾಲಿಯಿರಲಿಲ್ಲ. ಹಿಂದಿನ ಪ್ರಶ್ನೆಯ ಉತ್ತರ ಅದರಲ್ಲಿ ತುಂಬಿತ್ತು.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ಮಂಚದ ಕಾಲಿಗೆ ನೇತುಹಾಕಿದ್ದ ಪಟ್ಟಿಯಲ್ಲಿ ಒಂದು ಬೆಳಿಗ್ಗೆ ಆರು ಗಂಟೆಯ ಜ್ವರದ ಅಂಕಿ ರಾತ್ರಿ ಹತ್ತರದ್ದೇ ಆಗಿತ್ತು. ಎರಡೂ 98.6. ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮ ಹಣೆ ಮುಟ್ಟಿ, ‘ಮೈ ಕೆಂಡದ ಹಾಗಿದೆಯಲ್ಲೋ’ ಅಂದಳು. ಮತ್ತೆ ಥರ್ಮಾಮೀಟರ್ ಇಟ್ಟರೆ 102. ಆ ಚೌಕವನ್ನು ಖಾಲಿ ಬಿಟ್ಟಿದ್ದರೆ ರೌಂಡ್ಸಿಗೆ ಬಂದ ಡಾಕ್ಟರು ಯಾಕೆಂದು ಕೇಳುತ್ತಿದ್ದರು. ಅಂಕಿ ಇದ್ದುದರಿಂದ ಅವರ ಕಣ್ಣು ಮುಂದೆ ಸರಿದಿತ್ತು. ಬರೆದವರಿಗೆ ಕೆಟ್ಟ ಉದ್ದೇಶವೇನೂ ಇರಲಿಕ್ಕಿಲ್ಲ. ಮೂವತ್ತು ಮಂಚಕ್ಕೆ ಒಬ್ಬರೇ ಇದ್ದರು.

ಒಂದೇ ವೇರಿಯಬಲ್‌ನಲ್ಲಿ ಹಲವು ಉತ್ತರ ಇಡುವುದರ ಹಿಂದೆಯೂ ಕೆಟ್ಟ ಉದ್ದೇಶವಿಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ಹುಣಸೆಹಣ್ಣು ತುಂಬಿಡುವ ಮನೆಗಳಲ್ಲಿ ಬೆಳೆದವರು ನಾವು. ಇದ್ದುದನ್ನೇ ಬಳಸುವುದು ನಮಗೆ ಜಾಣತನ. ಆದರೆ ಇಲ್ಲಿ ಆ ಜಾಣತನದಿಂದ ಯಂತ್ರಕ್ಕೆ ಲಾಭ ಕಡಿಮೆ. ಮೂರು ಬೇರೆ ಹೆಸರು ಕೊಟ್ಟರೂ, ಒಂದರ ಕೆಲಸ ಮುಗಿದ ಮೇಲೆ ಅದರ ಜಾಗವನ್ನು ಇನ್ನೊಂದಕ್ಕೆ ಕೊಡುವುದು ಇಂದಿನ ಕಂಪೈಲರಿಗೆ ಗೊತ್ತು. ಉಳಿತಾಯವೆಲ್ಲ ಬರೆಯುವವರ ಬೆರಳಿನದು, ಖರ್ಚು ಓದುವವರದು.

ನಾನು ಕಂಡದ್ದನ್ನು ಬರೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವಳು ನನ್ನ ಮೇಜಿನ ಹತ್ತಿರವೇ ಬಂದಳು. ‘ಆ ಸಾಲನ್ನು ನಾನು ಮುಟ್ಟೇ ಇಲ್ಲವಲ್ಲ ಸರ್?’ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ಮುಟ್ಟಿರಲಿಲ್ಲ, ನಿಜ. ನಿನ್ನೆಯವರೆಗೆ ಸರಿಯಿದ್ದ ಸಾಲು, ಒಂದಕ್ಷರ ಬದಲಾಗದೆ ಇವತ್ತು ಸುಳ್ಳಾಗಿತ್ತು. ಮೇಲೊಂದು ವಾಕ್ಯ ಸೇರಿದರೆ ಕೆಳಗಿನ ವಾಕ್ಯದ ‘ಅವನು’ ಬೇರೆ ಯಾರೋ ಆಗಿಬಿಡುತ್ತಾನಲ್ಲ, ಹಾಗೆ. ‘ನಿನ್ನ ನಾಲ್ಕು ಸಾಲು ಸರಿಯಾಗಿಯೇ ಇವೆ. ಆದರೆ ಅವುಗಳ ಕೆಳಗೆ ಇರುವುದಕ್ಕೂ ಈಗ ನೀನೇ ದಿಕ್ಕು’ ಅಂದೆ. ಅವಳು ಪರದೆಯನ್ನು ಸ್ವಲ್ಪ ಹೊತ್ತು ನೋಡಿದಳು. ‘ಮೊದಲು ಬರೆದವರು ಒಂದು ಮಾತು ಬರೆದಿಡಬಹುದಿತ್ತು’ ಅಂದಳು. ಅದೂ ನಿಜವೇ.

ಸರಿಪಡಿಸಲು ಎರಡು ದಾರಿಯಿತ್ತು. ಅವಳ ಸಾಲುಗಳ ಕೆಳಗೆ ಮತ್ತೊಮ್ಮೆ ಮೈನಸ್ 12 ತುಂಬಿದರೆ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು. ಅವಳು ಉದ್ದದ ದಾರಿ ಹಿಡಿದಳು. ಮೇಲಿನ ಮುಂಗಡವನ್ನು ತೆಗೆದುಹಾಕಿ, ಮೂರೂ ಕಡೆ ನೆಗೆಯುವ ಮುಂಚೆ ಅಲ್ಲಲ್ಲೇ ಅದರ ಕಾರಣ ಬರೆದಳು. ನಾಳೆ ಇನ್ಯಾರೋ ನಡುವೆ ಇನ್ನೇನೋ ಸೇರಿಸಿದರೂ ಕೆಳಗಿನವು ಕೆಡುವುದಿಲ್ಲ. ಆ ಇನ್ಯಾರನ್ನೋ ಅವಳು ನೋಡಿಲ್ಲ, ನೋಡುವುದೂ ಇಲ್ಲ.

ನಾನು ಮತ್ತೊಮ್ಮೆ ಮೊದಲಿನಿಂದ ಓದಿ, ‘ರಿವ್ಯೂಡ್ ಬೈ’ ಎಂಬ ಸಾಲಿನ ಮುಂದೆ ನನ್ನ ಹೆಸರು ಹಾಕಿದೆ. ಕರ್ನಲ್‌ನ ನಿಯಮಗಳ ಪ್ರಕಾರ ಆ ಸಾಲು ಖಾತರಿ ಪತ್ರವಲ್ಲ. ಓದಿದ್ದೇನೆ, ನನಗೆ ತಿಳಿದ ಮಟ್ಟಿಗೆ ಸರಿಯಾಗಿದೆ ಎಂಬ ಮಾತು ಅಷ್ಟೆ. ಅಷ್ಟು ಹೇಳುವುದಕ್ಕೂ ಮೇಲಿನ ಮೂರು, ಕೆಳಗಿನ ಮೂರು ಸಾಲು ಓದಿದರೆ ಸಾಲದು.