ಕಣ್ಣಿನ ಬಿಳಿಯ ಮೇಲೊಂದು ಮಚ್ಚೆ

ಮಚ್ಚೆಯೆಂದರೆ ನಮ್ಮ ಹೆಂಗಸರಿಗೆ ಸಲಿಗೆ ಹೆಚ್ಚು. ಗಲ್ಲದ ಮೇಲಿದ್ದರೆ ಲಕ್ಷಣ, ಅಂಗೈಯಲ್ಲಿದ್ದರೆ ದುಡ್ಡು, ಅಂಗಾಲಿನಲ್ಲಿದ್ದರೆ ತಿರುಗಾಟ ಎಂದು ಫಲ ಹೇಳಿಬಿಡುತ್ತೇವೆ. ಆದರೆ ಕಣ್ಣಿನ ಬಿಳಿಯ ಮೇಲೆ ಮಚ್ಚೆ ಬಂದರೆ ಏನು ಫಲ? ಐವತ್ತು ದಾಟಿದ ನಮ್ಮ ಅತ್ತಿಗೆಯ ಎಡಗಣ್ಣಿನಲ್ಲಿ ಎಳ್ಳುಕಾಳಿನಷ್ಟು ಕಂದು ಚುಕ್ಕೆ ಕಂಡಾಗ ಅವರು ಕಾಡಿಗೆ ಅಂಟಿತೆಂದು ಸೆರಗಿನ ತುದಿಯಿಂದ ಒರೆಸಿಕೊಂಡರು. ಹೋಗಲಿಲ್ಲ. ತೆಗೆದು ಪರೀಕ್ಷಿಸಿದಾಗ ಅದು ಮೆಲನೋಮ ಎಂಬ ಕ್ಯಾನ್ಸರ್ ಎಂದು ತಿಳಿಯಿತು.

ಓದಿ ಗಾಬರಿಯಾಗಬೇಡಿ. ಇದು ಬಲು ಅಪರೂಪದ ಕಾಯಿಲೆ. ನಮ್ಮಂಥ ಕಂದು ಮೈಬಣ್ಣದವರ ಎರಡೂ ಕಣ್ಣುಗಳಲ್ಲಿ, ಕರಿಗುಡ್ಡೆಯ ಸುತ್ತ ಮಾಸಲು ಬಣ್ಣವಿರುವುದು ತೀರ ಸಾಮಾನ್ಯ. ಚಿಕ್ಕಂದಿನಿಂದ ಇರುವ ಚುಕ್ಕೆಗಳೂ ಬಹುಪಾಲು ನಿರುಪದ್ರವಿ. ನಡುವಯಸ್ಸಿನಲ್ಲಿ, ಒಂದೇ ಕಣ್ಣಿನಲ್ಲಿ ಹೊಸದಾಗಿ ಹುಟ್ಟಿ ಬೆಳೆಯುತ್ತ ಹೋಗುವ ಮಚ್ಚೆಯನ್ನು ಮಾತ್ರ ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು.

ಅತ್ತಿಗೆಗೆ ಆಪರೇಷನ್ ಆಗಿ ಎರಡು ವರ್ಷ ಸುಖವಾಗಿ ಕಳೆಯಿತು. ಮೂರನೆಯ ವರ್ಷ ಹಳೆಯ ಗಾಯದ ಅಂಚಿನಲ್ಲೇ ಅದು ಮತ್ತೆ ತಲೆಯೆತ್ತಿತು. ಮೊದಲ ಸಲ ಅಳದಿದ್ದ ಅತ್ತಿಗೆ ಈ ಸಲ ಅತ್ತರು. ನೋಡಲು ಬಂದವರಲ್ಲಿ ಕೆಲವರು ಕರ್ಮ ಎಂದರು, ಕೆಲವರು ಡಾಕ್ಟರು ಸರಿಯಾಗಿ ತೆಗೆದಿಲ್ಲ ಎಂದರು. ಎರಡೂ ಅಲ್ಲ. ಈ ಕಾಯಿಲೆಯ ಸ್ವಭಾವವೇ ಹಾಗೆ. ಮಚ್ಚೆಯ ಸುತ್ತ, ಗಾಳಿಗೆ ಹಾರಿದ ರಂಗೋಲಿ ಪುಡಿಯಂತೆ, ಕಾಣದ ಕಣಗಳು ಉಳಿದಿರಬಹುದು. ಕೆಲವಕ್ಕೆ ಬಣ್ಣವೇ ಇರುವುದಿಲ್ಲ. ಅಮೆರಿಕದ ಫಿಲಡೆಲ್ಫಿಯದಲ್ಲಿ 150 ರೋಗಿಗಳನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ವರದಿಯಲ್ಲಿ, 5 ವರ್ಷದೊಳಗೆ ಸುಮಾರು ಕಾಲುಭಾಗ, 10 ವರ್ಷದೊಳಗೆ ಸುಮಾರು ಅರ್ಧದಷ್ಟು ಮಂದಿಗೆ ಅದು ಮರಳಿತ್ತು.

ಎರಡನೆಯ ಆಪರೇಷನ್ನಿಗೆ ಮುಂಚೆ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಮಚ್ಚೆಯ ಸುತ್ತ ಸುಮಾರು 4 ಮಿಲಿಮೀಟರ್ ಚೆನ್ನಾಗಿ ಕಾಣುವ ಭಾಗವನ್ನೂ ಸೇರಿಸಿ ಒಂದೇ ತುಂಡಾಗಿ ತೆಗೆಯುತ್ತಾರೆ. ಹಿಡಿಯುವುದು ಅಂಚನ್ನು ಮಾತ್ರ, ಮಚ್ಚೆಯನ್ನು ಮುಟ್ಟುವಂತಿಲ್ಲ. ಹಲಸಿನ ಅಂಟು ಮೆತ್ತಿದ ಕೈಯಲ್ಲಿ ನಾವು ಬೇರೇನನ್ನೂ ಮುಟ್ಟುವುದಿಲ್ಲವಲ್ಲ, ಹಾಗೆ. ಕಣಗಳು ಉಪಕರಣಕ್ಕೆ ಅಂಟಿ ಬೇರೆಡೆ ಬೀಳಬಾರದು. ಗಾಯ ಮುಚ್ಚಲು ಬೇರೆ ಉಪಕರಣಗಳೇ ಬೇಕು. ಉಳಿದ ಅಂಚನ್ನು ಅತಿ ತಂಪಿನಿಂದ ಹೆಪ್ಪುಗಟ್ಟಿಸಿ, ಕರಗಲು ಬಿಟ್ಟು, ಮತ್ತೊಮ್ಮೆ ಹೆಪ್ಪುಗಟ್ಟಿಸುತ್ತಾರೆ. ಹಳೆಯ ಗಾಯ ಒಳಗೆ ಅಂಟಿಕೊಂಡಿರುವುದರಿಂದ ಎರಡನೆಯ ಸಲ ಕೆಲಸ ಹೆಚ್ಚು ಕಷ್ಟ.

ತೆಗೆದ ಜಾಗ ದೊಡ್ಡದಾದರೆ ಏನನ್ನು ಹೊದಿಸುತ್ತಾರೆ ಗೊತ್ತೇ? ಗರ್ಭದಲ್ಲಿ ಮಗುವನ್ನು ಸುತ್ತಿರುವ ನೀರಿನ ಚೀಲದ ತೆಳುಪದರವನ್ನು! ಸಿಸೇರಿಯನ್ ಹೆರಿಗೆಯಾದ ತಾಯಂದಿರ ಒಪ್ಪಿಗೆ ಪಡೆದು, ಅವರ ರಕ್ತ ಪರೀಕ್ಷಿಸಿ ಅದನ್ನು ಕಾಪಿಡುತ್ತಾರೆ. "ಯಾವ ಊರ ಬಾಣಂತಿಯ ಋಣವೋ, ನನ್ನ ಕಣ್ಣಿಗೆ ಅಂಟಿತು ನೋಡು," ಎಂದು ಅತ್ತಿಗೆ ಮೊದಲ ಬಾರಿಗೆ ನಕ್ಕರು.

ನಗುವಿನ ಹಿಂದೆ ಕೇಳಲಾರದ ಪ್ರಶ್ನೆಯೊಂದಿತ್ತು. ಅದನ್ನೂ ಕೇಳಿಯೇಬಿಟ್ಟರು: "ಕಣ್ಣನ್ನೇ ತೆಗೆಯಬೇಕಾಗುತ್ತದೆಯೇ?" ಡಾಕ್ಟರು ಮುಚ್ಚಿಡಲಿಲ್ಲ. ಕಾಯಿಲೆ ಕಣ್ಣಿನ ಗೂಡಿನೊಳಕ್ಕೆ ಇಳಿದರೆ ಕೆಲವೊಮ್ಮೆ ಗುಡ್ಡೆ, ರೆಪ್ಪೆ ಸಮೇತ ತೆಗೆಯಬೇಕಾದೀತು. ಕಿವಿಯ ಮುಂದಿನ, ದವಡೆಯ ಕೆಳಗಿನ ಗ್ರಂಥಿಗಳಿಗೂ ಹಬ್ಬೀತು. ಬೇಗ ಕಂಡುಹಿಡಿದರೆ ಅಲ್ಲಿಯವರೆಗೆ ಹೋಗದಂತೆ ತಡೆಯುವ ಅವಕಾಶ ಹೆಚ್ಚು. ಈ ಸಲ ಕಣ್ಣು ಉಳಿಯಿತು. ಮೈಟೋಮೈಸಿನ್ ಹನಿಗಳನ್ನು, ಕೈಗೆ ಗ್ಲೌಸ್ ತೊಟ್ಟು, ಒಂದು ವಾರ ಹಾಕಿ ಒಂದು ವಾರ ಬಿಟ್ಟು ನಾನೇ ಹಾಕಿದೆ.

ಈಗ ಕೆಲವು ತಿಂಗಳಿಗೊಮ್ಮೆ ತಪಾಸಣೆ, ಬದುಕಿರುವವರೆಗೆ. ರೆಪ್ಪೆ ಮಗುಚಿ ನೋಡುತ್ತಾರೆ, ಕಿವಿಯ ಮುಂದೆ ಒತ್ತಿ ನೋಡುತ್ತಾರೆ. "ಪೂರ್ತಿ ವಾಸಿಯಾಯಿತೇ?" ಎಂದು ಕೇಳುವವರಿಗೆ ಅತ್ತಿಗೆ ಉತ್ತರ ಹುಡುಕುತ್ತ ತಡಬಡಾಯಿಸುವುದನ್ನು ಕಂಡಿದ್ದೇನೆ. ಇಂಥ ಕಾಯಿಲೆಯವರು ನಿಮ್ಮ ಬಳಗದಲ್ಲಿದ್ದರೆ ಆ ಪ್ರಶ್ನೆ ಬಿಡಿ. "ಈ ಸಲದ ತಪಾಸಣೆ ಯಾವತ್ತು? ಜೊತೆಗೆ ನಾನು ಬರಲೇ?" ಎನ್ನಿ.